ಹಾರವಾಡದಲ್ಲಿ ಒಂದು ನಿಮಿಷ

ಬೊಂಬಾಯಿ ಬಸ್ಸು ಹತ್ತಿದ ನೆನಪಿರುವ ಹಿರಿಯರು ನಮ್ಮ ಮನೆಗಳಲ್ಲಿ ಇನ್ನೂ ಇದ್ದಾರೆ. ಅಸರ್ ನಮಾಝ್ ಮುಗಿಸಿ ಮಂಗಳೂರಿನಲ್ಲಿ ಬಸ್ಸು ಹತ್ತುವುದು, ಉಡುಪಿ, ಕುಂದಾಪುರ ದಾಟುವಾಗ ಕತ್ತಲಾಗುವುದು, ಎಲ್ಲೋ ಒಂದು ಕಡೆ ರಾತ್ರಿಯ ಊಟ, ಮತ್ತೆ ಸೀಟಿನಲ್ಲೇ ತೂಕಡಿಕೆ. ಉಮ್ಮ ಕಟ್ಟಿಕೊಟ್ಟ ಪತ್ತಿರಿಯ ಬುತ್ತಿ ಗೋವಾ ದಾಟುವ ತನಕ ಬಂದರೆ ಪುಣ್ಯ. ಮಾರನೆಯ ದಿನ ಸಂಜೆಯ ಹೊತ್ತಿಗೆ ಬೊಂಬಾಯಿ. ಅಲ್ಲಿಂದ ಕೆಲವರು ಹೊಟೇಲಿಗೆ, ಕೆಲವರು ಬಂದರಿಗೆ, ಕೆಲವರು ಏರ್‌ಪೋರ್ಟಿಗೆ. ಕೊಲ್ಲಿ ದೇಶಕ್ಕೆ ಹೋಗುವವನಿಗೂ ಮೊದಲ ಹೆಜ್ಜೆ ಈ ಬಸ್ಸಿನದ್ದೇ ಆಗಿತ್ತು.

ಆ ಪ್ರಯಾಣದಲ್ಲಿ ಅಂಕೋಲಾ ಮತ್ತು ಕಾರವಾರದ ನಡುವೆ ಒಂದು ಊರು ಬರುತ್ತಿತ್ತು. ಹೆಸರು ಅಮದಳ್ಳಿ. ಒಂದು ಕಡೆ ಬೆಟ್ಟ, ಇನ್ನೊಂದು ಕಡೆ ಕಡಲು, ನಡುವೆ ಗದ್ದೆ, ತೆಂಗು, ಹೆದ್ದಾರಿಯ ಬದಿಯಲ್ಲಿ ಪ್ರಸಿದ್ಧವಾದ ವೀರ ಗಣಪತಿ ದೇವಸ್ಥಾನ. ಎಷ್ಟೋ ಸಾವಿರ ಮಂದಿ ನಮ್ಮವರು ಈ ಊರನ್ನು ದಾಟಿದ್ದಾರೆ. ಆದರೆ ನೋಡಿದವರು ಕಡಿಮೆ. ಯಾಕೆಂದರೆ ಬಸ್ಸು ಇಲ್ಲಿಗೆ ಬರುವಾಗ ಎಲ್ಲರಿಗೂ ನಿದ್ದೆ. ಅಮದಳ್ಳಿ ನಾವು ನಿದ್ದೆಯಲ್ಲಿ ದಾಟಿದ ಊರು.

ಈಚೆಗೆ ನಾವು ಹಗಲಲ್ಲೇ, ಎಚ್ಚರವಾಗಿಯೇ ಅಲ್ಲಿಗೆ ಹೋಗಬೇಕೆಂದು ಹೊರಟೆವು. ಬಸ್ಸಿನಲ್ಲಲ್ಲ, ರೈಲಿನಲ್ಲಿ. ಅದೂ ವೇಗದ ಗಾಡಿಯಲ್ಲಲ್ಲ, ಬೆಳಗಿನ ಜಾವ ಮಂಗಳೂರಿನಿಂದ ಮಡಗಾಂವ್ ಕಡೆಗೆ ಹೊರಡುವ ಪ್ಯಾಸೆಂಜರಿನಲ್ಲಿ. ಅಮದಳ್ಳಿಯವರಿಗೆ ಹತ್ತಿರದ ಸ್ಟೇಷನ್ ಪಕ್ಕದ ಹಾರವಾಡ. ಅಲ್ಲಿ ಗಾಡಿ ನಿಲ್ಲುವುದು ಒಂದು ನಿಮಿಷದ ಲೆಕ್ಕದಲ್ಲಿ. ಆ ಒಂದು ನಿಮಿಷದ ಹಿಂದೆ ಎಷ್ಟು ವರ್ಷಗಳ ಕತೆ ಇದೆ ಎಂಬುದು ಇಳಿದ ಮೇಲೆಯೇ ನಮಗೆ ಗೊತ್ತಾದದ್ದು.

ಒಮ್ಮೆ ತಪ್ಪಿಹೋದ ರೈಲು

ಕಾರವಾರದ ಕಡೆಗೆ ರೈಲು ಬಂದದ್ದು 1990ರ ದಶಕದಲ್ಲಿ ನಿಜ. ಆದರೆ ರೈಲಿನ ಆಸೆ ಅದಕ್ಕಿಂತ 130 ವರ್ಷ ಹಳೆಯದು. 1860ರ ದಶಕದಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಇಂಗ್ಲೆಂಡಿನ ಬಟ್ಟೆ ಮಿಲ್ಲುಗಳಿಗೆ ಅಲ್ಲಿಂದ ಹತ್ತಿ ಬರುವುದು ನಿಂತಿತು. ಆಗ ಅವರ ಕಣ್ಣು ಧಾರವಾಡ ಸೀಮೆಯ ಹತ್ತಿಯ ಮೇಲೆ ಬಿತ್ತು. ಆ ಹತ್ತಿಯನ್ನು ಘಟ್ಟ ಇಳಿಸಿ ಹಡಗಿಗೆ ಹೇರಲು ಕಾರವಾರ, ಸದಾಶಿವಗಡದ ಕಡಲೇ ಸರಿ ಎಂದು ಮ್ಯಾಂಚೆಸ್ಟರಿನ ವ್ಯಾಪಾರಿಗಳು ಪಟ್ಟು ಹಿಡಿದರು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬೈ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಲೆಕ್ಕಾಚಾರ ಇತ್ತು. ನಮ್ಮ ದಕ್ಷಿಣ ಕನ್ನಡ ಮದ್ರಾಸಿನಲ್ಲೇ ಉಳಿಯಿತು. ಒಂದೇ ಕೆನರಾ ಜಿಲ್ಲೆಯಾಗಿದ್ದ ಕರಾವಳಿ ಹೀಗೆ ಎರಡು ಪ್ರಾಂತವಾಯಿತು.

ಕಾರವಾರದಿಂದ ಹುಬ್ಬಳ್ಳಿಗೆ ರೈಲು ಹಾಕುವ ಮಾತು ಬಂತು, ಹೋಯಿತು. ಅಷ್ಟರಲ್ಲಿ ಬ್ರಿಟಿಷರು ಮತ್ತು ಪೋರ್ಚುಗೀಸರ ನಡುವೆ 1878ರಲ್ಲಿ ಒಪ್ಪಂದವಾಗಿ, ಹಳಿ ಗೋವಾದ ಮರ್ಮಗೋವಾ ಬಂದರಿನ ಪಾಲಾಯಿತು. 1880ರ ದಶಕದ ಕೊನೆಗೆ ಅಲ್ಲಿ ರೈಲು ಓಡತೊಡಗಿತು. ಘಟ್ಟದ ಮೇಲಿನ ಸರಕು ಅತ್ತ ತಿರುಗಿತು. ಕಾರವಾರದ ಬಂದರು ಸೊರಗಿತು. ಇತ್ತ ಮಂಗಳೂರಿಗೆ 1907ರಲ್ಲಿ ಕೇರಳದ ಕಡೆಯಿಂದ ರೈಲು ಬಂತು. ಅಲ್ಲಿಗೇ ಅದು ಕೊನೆಯ ಸ್ಟೇಷನ್. ಮುಂದೆ ಉತ್ತರಕ್ಕೆ ಹಳಿಯೇ ಇಲ್ಲ.

ಹಾಗಾಗಿ ಮಂಗಳೂರಿನಿಂದ ಬೊಂಬಾಯಿಗೆ ರೈಲಿನಲ್ಲಿ ಹೋಗಬೇಕಾದರೆ ದಕ್ಷಿಣಕ್ಕೆ ಇಳಿದು, ಪಾಲಕ್ಕಾಡ್ ಹಾದು, ದೇಶದ ಅರ್ಧ ಭಾಗ ಸುತ್ತಿ ಹೋಗಬೇಕಿತ್ತು. ಒಟ್ಟು 2,041 ಕಿ.ಮೀ., ಸುಮಾರು 41 ಗಂಟೆ. ಕಡಲಿನ ಬದಿಯಲ್ಲಿ ನೇರ ಹೋದರೆ ಅರ್ಧ ದೂರವೂ ಇಲ್ಲ. ಇದಕ್ಕಾಗಿಯೇ ನಮ್ಮವರು ಬಸ್ಸನ್ನೇ ನೆಚ್ಚಿಕೊಂಡದ್ದು. ಬಸ್ಸಿನ ದಾರಿಯಾದರೂ ಸುಲಭವೇ? ಹೊಳೆ ಹೊಳೆಗೂ ಸೇತುವೆ ಇರಲಿಲ್ಲ. ಕಾರವಾರದ ಕಾಳಿ ಹೊಳೆಗೆ ಸೇತುವೆ ಬಂದದ್ದೇ 1980ರ ದಶಕದಲ್ಲಿ.

ಎಂಟು ವರ್ಷದಲ್ಲಿ ಹಳಿ ಬಂತು

1989ರ ಕೊನೆಗೆ ದಿಲ್ಲಿಯಲ್ಲಿ ಸರಕಾರ ಬದಲಾಯಿತು. ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫೆರ್ನಾಂಡಿಸ್ ರೈಲ್ವೆ ಮಂತ್ರಿಯಾದರು. ಕೊಂಕಣದವರೇ ಆದ ಮಧು ದಂಡವತೆ ಹಣಕಾಸು ಮಂತ್ರಿಯಾದರು. ಕರಾವಳಿಯ ರೈಲಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿತ್ತೇ? 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ಕಾರ್ಪೊರೇಷನ್ ಹುಟ್ಟಿತು. ಇ. ಶ್ರೀಧರನ್ ಅದರ ಮೊದಲ ಅಧ್ಯಕ್ಷರು. ಕೇಂದ್ರದ ಜೊತೆಗೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ರಾಜ್ಯಗಳೂ ಪಾಲು ಹಾಕಿದವು. ಕರ್ನಾಟಕದ ಪಾಲು ಶೇ. 15. ಉಳಿದ ಹಣವನ್ನು ಬಾಂಡ್ ಮಾರಿ ಎತ್ತಿದರು.

ಮುಂಬೈ ಹತ್ತಿರದ ರೋಹಾದಿಂದ ನಮ್ಮ ತೋಕೂರಿನ ತನಕ ಸುಮಾರು 740 ಕಿ.ಮೀ. ಹಳಿ. ಸುಮಾರು 2,000 ಸೇತುವೆ, ತೊಂಬತ್ತಕ್ಕೂ ಮಿಕ್ಕಿ ಸುರಂಗ. ಹೊನ್ನಾವರದ ಶರಾವತಿ ಹೊಳೆಯ ಮೇಲಿನ ಸೇತುವೆಯೇ ಇಡೀ ದಾರಿಯಲ್ಲಿ ಉದ್ದದ್ದು, 2 ಕಿ.ಮೀ. ಮೀರಿದ್ದು. 1993ರ ಮಾರ್ಚಿಯಲ್ಲಿ ಮಂಗಳೂರು–ಉಡುಪಿ ನಡುವೆ ಮೊದಲ ಪ್ರಯಾಣಿಕರ ಗಾಡಿ ಓಡಿತು. 1998ರ ಜನವರಿ 26ಕ್ಕೆ ಪೂರ್ತಿ ಹಳಿ ಒಂದಾಯಿತು. ಅದೇ ವರ್ಷ ಮೇ 1ರಂದು ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅದನ್ನು ದೇಶಕ್ಕೆ ಒಪ್ಪಿಸಿದರು.

ಮಂಗಳೂರಿನಿಂದ ಮುಂಬೈಗೆ 2,041 ಕಿ.ಮೀ. ಇದ್ದದ್ದು 914ಕ್ಕೆ ಇಳಿಯಿತು. 1,127 ಕಿ.ಮೀ. ಉಳಿತಾಯ. ಮತ್ಸ್ಯಗಂಧ ಎಕ್ಸ್‌ಪ್ರೆಸ್ ಎಂಬ ಹೆಸರು ನಮ್ಮ ಮನೆಮಾತಾಯಿತು. ಮಧ್ಯಾಹ್ನ ಹತ್ತಿದರೆ ಬೆಳಿಗ್ಗೆ ಕುರ್ಲಾ. ಬಸ್ಸಿನಲ್ಲಿ ಕಾಲು ಊದಿಸಿಕೊಂಡು ಕೂರುತ್ತಿದ್ದ ಬಾಪ ಈಗ ಬರ್ತಿನಲ್ಲಿ ಕಾಲು ಚಾಚಿ ಮಲಗಿದರು. 2006ರಲ್ಲಿ ಬಜ್ಪೆಯಿಂದ ದುಬೈಗೆ ನೇರ ವಿಮಾನ ಶುರುವಾಗುವ ತನಕ ಎಷ್ಟೋ ಮಕ್ಕಳ ಗಲ್ಫ್ ಪ್ರಯಾಣ ಈ ರೈಲಿನ ಪ್ಲಾಟ್‌ಫಾರ್ಮಿನಲ್ಲಿ, ಉಮ್ಮಂದಿರ ದುಆದ ಜೊತೆಗೆ ಶುರುವಾಯಿತು.

ಲಾರಿಯವರಿಗೂ ಈ ಹಳಿ ಆಸರೆಯಾಯಿತು. 1999ರಲ್ಲಿ ಕೊಂಕಣ ರೈಲ್ವೆ ರೋರೋ ಗಾಡಿ ಶುರು ಮಾಡಿತು. ಅಂದರೆ ಸರಕು ತುಂಬಿದ ಲಾರಿಯನ್ನೇ ರೈಲಿನ ಮೇಲೆ ಹತ್ತಿಸಿ ಸಾಗಿಸುವುದು. ಆಮೇಲೆ ಅದು ಸುರತ್ಕಲ್ ತನಕ ಬಂತು. ಸುರತ್ಕಲ್‌ನಲ್ಲಿ ಲಾರಿ ಹತ್ತಿಸಿದರೆ ಮಹಾರಾಷ್ಟ್ರದ ಕೋಲಾಡ್‌ನಲ್ಲಿ ಇಳಿಸುವುದು. ಡೀಸೆಲ್ ಉಳಿತಾಯ, ಟಯರ್ ಉಳಿತಾಯ, ಡ್ರೈವರನಿಗೆ ಒಂದಿಷ್ಟು ನಿದ್ದೆ. ಸಾಲು ಲಾರಿಗಳನ್ನು ಹೊತ್ತ ಆ ಗಾಡಿ ಹಾರವಾಡ ದಾಟಿ ಹೋಗುವುದನ್ನು ನಿಂತು ನೋಡುವುದೇ ಒಂದು ಚಂದ.

ಮೂರು ಸಲ ಕೊಟ್ಟ ಊರು

ಇದು ನಮಗೆ ಸಿಕ್ಕಿದ ಲಾಭದ ಲೆಕ್ಕ. ಇನ್ನು ಹಳಿ ಹಾದುಹೋದ ಊರಿನ ಲೆಕ್ಕವನ್ನೂ ನೋಡಬೇಕಲ್ಲ.

ಕಾರವಾರ, ಅಂಕೋಲಾ ನಡುವಿನ ಈ ಪಟ್ಟಿ ಎಷ್ಟು ಕಿರಿದು ಎಂಬುದು ಅಲ್ಲಿ ನಿಂತು ನೋಡಿದರೇ ಗೊತ್ತಾಗುವುದು. ಪೂರ್ವಕ್ಕೆ ಸಹ್ಯಾದ್ರಿಯ ಬೆಟ್ಟ ಬಹುತೇಕ ಕಡಲಿನ ತನಕ ಬಂದು ನಿಂತಿದೆ. ಕಾರವಾರದ ಹೆಸರಿನಲ್ಲೇ ಕರೆಯುವ ಸುಮಾರು 3 ಕಿ.ಮೀ. ಉದ್ದದ ಸುರಂಗ ಕೊರೆಯಬೇಕಾಗಿ ಬಂದದ್ದು ಇದಕ್ಕೇ. ಬೆಟ್ಟ, ಕಡಲು ಎರಡರ ನಡುವೆ ಉಳಿದ ಚೂರು ಬಯಲಿನಲ್ಲೇ ಗದ್ದೆ, ಮನೆ, ಶಾಲೆ, ಮೀನು ಒಣಗಿಸುವ ಜಾಗ ಎಲ್ಲ.

ಆ ಬಯಲಿಗೆ ಮೊದಲು ಬಂದದ್ದು ನೌಕಾನೆಲೆ. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಸೀಬರ್ಡ್ ಯೋಜನೆಗೆ ಅಡಿಗಲ್ಲು ಹಾಕಿದರು. ಬಿಣಗಾ, ಅರ್ಗಾ, ಚೆಂಡಿಯಾದಿಂದ ಹಿಡಿದು ಅಂಕೋಲಾ ತಾಲೂಕಿನ ತನಕ ಕಡಲ ಬದಿಯ ಊರುಗಳ ಸಾವಿರಾರು ಕುಟುಂಬ ಮನೆ, ಗದ್ದೆ, ದೋಣಿ ಎಳೆಯುವ ದಂಡೆ ಬಿಟ್ಟು ಎದ್ದವು. ಮೀನು ಹಿಡಿಯುವವನಿಗೆ ಕಡಲು ಕಾಣದ ಕಾಲೊನಿಯಲ್ಲಿ ಸೈಟು ಸಿಕ್ಕಿತು. ಪರಿಹಾರದ ಹಣಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿದವರು ದಶಕಗಟ್ಟಲೆ ಕಾದರು. ಅಪ್ಪ ಹಾಕಿದ ಕೇಸಿನ ತೀರ್ಪು ಮಗ ಕೇಳಿದ. 2005ರ ಮೇ 31ರಂದು ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕೆಲಸ ಶುರು ಮಾಡಿತು. ದೇಶದ ದೊಡ್ಡ ಯುದ್ಧನೌಕೆಗಳು ಇವತ್ತು ಅಲ್ಲಿ ನಿಲ್ಲುತ್ತವೆ. ದೇಶಕ್ಕೆ ಅದು ಹೆಮ್ಮೆ, ಬೇಕಾದದ್ದು ಕೂಡ. ಆದರೆ ಅದರ ಬೆಲೆಯನ್ನು ಯಾರು ಕೊಟ್ಟರು ಎಂಬುದೂ ನೆನಪಿರಬೇಕು.

ಎರಡನೆಯದಾಗಿ ಬಂದದ್ದು ರೈಲು. ರೋಹಾದಿಂದ ಮಂಗಳೂರಿನ ತನಕ ಹತ್ತಾರು ಸಾವಿರ ಜನರ ಜಾಗ ಈ ಹಳಿಗೆ ಹೋಗಿದೆ. ಜಾಗ ಕೊಟ್ಟವರ ಮಕ್ಕಳಿಗೆ ರೈಲ್ವೆ ಕೆಲಸದಲ್ಲಿ ಆದ್ಯತೆ ಎಂಬ ಮಾತು ಇತ್ತು. ಕೆಲವರಿಗೆ ಸಿಕ್ಕಿತು, ಹಲವರು ಕಾಯುತ್ತಲೇ ವಯಸ್ಸು ಮೀರಿದರು. ಮೂರನೆಯದು ಹೆದ್ದಾರಿ. ಹಳೆಯ 17 ಈಗ 66. ಅದನ್ನು ನಾಲ್ಕು ಪಥ ಮಾಡುವಾಗ ಅಂಗಡಿ, ಅಂಗಳ, ಮರ ಮತ್ತೊಮ್ಮೆ ಹೋದವು.

ಒಂದೇ ಚೂರು ಬಯಲು, ಮೂರು ಸಲ ಅಳತೆಗೆ ಬಂತು. ಸುರತ್ಕಲ್, ಬೈಕಂಪಾಡಿ, ಜೋಕಟ್ಟೆ, ಪಣಂಬೂರು ಕಡೆಯ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಂದರಿಗೆ, ಕಾರ್ಖಾನೆಗೆ, ಹಳಿಗೆ ಜಾಗ ಬಿಟ್ಟು ಎದ್ದ ಮನೆಗಳ ನೋವು ನಮಗೂ ಗೊತ್ತು.

ಗಾಡಿ ನಿಲ್ಲುವ ಸಮಯ

ಹಾರವಾಡ ಸ್ಟೇಷನ್ ದೊಡ್ಡದೇನಲ್ಲ. ಕರಾವಳಿಯಲ್ಲಿ ನಾವು ನೋಡಿದ ನೂರು ಸಣ್ಣ ಸ್ಟೇಷನ್ನುಗಳ ಹಾಗೆಯೇ. ಹಳದಿ ಹಲಗೆಯ ಮೇಲೆ ಮೂರು ಭಾಷೆಯಲ್ಲಿ ಹೆಸರು, ಒಂದು ಸಣ್ಣ ಕಟ್ಟಡ, ಬೆಂಚು. ನಾವು ಇಳಿಯುವಾಗ ನಮ್ಮ ಜೊತೆ ಇಳಿದವರು ಬೆರಳೆಣಿಕೆಯಷ್ಟು ಮಂದಿ. ಕೈಯಲ್ಲಿ ಚೀಲ ಹಿಡಿದ ಒಬ್ಬ ಅಜ್ಜಿ, ಆಸ್ಪತ್ರೆಯ ಕಾಗದ ಹಿಡಿದ ಗಂಡ ಹೆಂಡತಿ, ಎರಡು ಕಾಲೇಜು ಮಕ್ಕಳು. ಗಾಡಿ ಹೋದ ಮೇಲೆ ಪ್ಲಾಟ್‌ಫಾರ್ಮಿನಲ್ಲಿ ಹಕ್ಕಿಯ ಸದ್ದು ಮಾತ್ರ.

ನಾವು ಅಲ್ಲೇ ಬೆಂಚಿನಲ್ಲಿ ಕೂತೆವು. ಸ್ವಲ್ಪ ಹೊತ್ತಿಗೆ ಒಂದು ಎಕ್ಸ್‌ಪ್ರೆಸ್ ಬಂತು. ಬಂದದ್ದಲ್ಲ, ಹೋಯಿತು. ಧೂಳೆಬ್ಬಿಸಿ, ಬೆಂಚು ನಡುಗಿಸಿ ಹೋಯಿತು. ಆಮೇಲೆ ಒಂದು ಗೂಡ್ಸ್. ಮತ್ತೆ ಇನ್ನೊಂದು ಎಕ್ಸ್‌ಪ್ರೆಸ್. ಯಾವುದೂ ನಿಲ್ಲಲಿಲ್ಲ. ಇಲ್ಲಿ ನಿಲ್ಲುವುದು ದಿನಕ್ಕೆ ಕೆಲವೇ ಕೆಲವು ಲೋಕಲ್ ಗಾಡಿಗಳು. 2023ರ ಡಿಸೆಂಬರ್ 30ರಂದು ಶುರುವಾದ ಮಂಗಳೂರು–ಮಡಗಾಂವ್ ವಂದೇ ಭಾರತ್ ನಡುವೆ ಉಡುಪಿ ಮತ್ತು ಕಾರವಾರದಲ್ಲಿ ಮಾತ್ರ ನಿಲ್ಲುವ ಗಾಡಿಯಾಗಿ ಬಂತು. ಐದು ಗಂಟೆಯ ಒಳಗೆ ಗೋವಾ ಮುಟ್ಟಿಸುವ ಗಾಡಿ ಸಣ್ಣ ಊರಲ್ಲೆಲ್ಲ ನಿಂತರೆ ಆಗುವುದೂ ಇಲ್ಲ, ಒಪ್ಪುವ ಮಾತೇ.

ಹಾಗಾದರೆ ಅಮದಳ್ಳಿಯವರು ಕಾರವಾರಕ್ಕೆ ಹೋಗಿ ಹತ್ತಲಿ ಎಂದು ಹೇಳಬಹುದು. ಆದರೆ ಕಾರವಾರ ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಶಿರವಾಡದಲ್ಲಿ. ಅಮದಳ್ಳಿಯಿಂದ ಬಸ್ಸಿನಲ್ಲಿ ಪೇಟೆಗೆ ಹೋಗಿ, ಅಲ್ಲಿಂದ ರಿಕ್ಷಾ ಹಿಡಿದು ಒಳಗೆ ಹೋಗಬೇಕು. ರಾತ್ರಿಯ ಗಾಡಿಯಾದರೆ ರಿಕ್ಷಾದ ಬಾಡಿಗೆ ರೈಲಿನ ಟಿಕೆಟಿಗಿಂತ ಹೆಚ್ಚಾಗುವುದೂ ಉಂಟು. ಬೆಂಗಳೂರಿನಿಂದ ಕಾರವಾರಕ್ಕೆ ರಾತ್ರಿ ಓಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬಂದ ಮೇಲೆ ಈ ಕಡೆಯವರಿಗೆ ದೊಡ್ಡ ಉಪಕಾರ ಆಗಿದೆ. ಆದರೆ ದಿನನಿತ್ಯದ ಓಡಾಟಕ್ಕೆ, ಅಂದರೆ ಕಾಲೇಜಿಗೆ, ಆಸ್ಪತ್ರೆಗೆ, ಸಂತೆಗೆ, ಬೇಕಾದದ್ದು ಅದಲ್ಲ. ಬೇಕಾದದ್ದು ಪ್ಯಾಸೆಂಜರ್.

ಆ ಪ್ಯಾಸೆಂಜರ್ ಯಾಕೆ ಯಾವಾಗಲೂ ತಡ? ಕಾರಣ ಸರಳ. ಕೊಂಕಣ ರೈಲ್ವೆಯ ಬಹುಪಾಲು ದಾರಿ ಇವತ್ತಿಗೂ ಒಂಟಿ ಹಳಿ. ಜೋಡಿ ಹಳಿ ಆಗಿರುವುದು ಮಹಾರಾಷ್ಟ್ರದ ರೋಹಾ–ವೀರ್ ನಡುವೆ, ಸುಮಾರು 46 ಕಿ.ಮೀ. ಮಾತ್ರ. ಒಂಟಿ ಹಳಿಯಲ್ಲಿ ಎದುರು ಬದುರು ಬರುವ ಎರಡು ಗಾಡಿ ಸ್ಟೇಷನ್ನಿನಲ್ಲಷ್ಟೇ ಒಂದನ್ನೊಂದು ದಾಟಬಹುದು. ಒಂದು ಗಾಡಿ ಪಕ್ಕದ ಹಳಿಗೆ ಸರಿದು ನಿಲ್ಲಬೇಕು, ಇನ್ನೊಂದು ಹೋಗಬೇಕು. ಇದನ್ನೇ ಕ್ರಾಸಿಂಗ್ ಎನ್ನುವುದು. ಸರಿದು ನಿಲ್ಲುವುದು ಯಾವಾಗಲೂ ಬಡವರ ಗಾಡಿ. ಎಕ್ಸ್‌ಪ್ರೆಸ್ ಒಂದು ಹತ್ತು ನಿಮಿಷ ತಡವಾದರೆ ಪ್ಯಾಸೆಂಜರ್ ಸಣ್ಣ ಸ್ಟೇಷನ್ನಿನಲ್ಲಿ ಅರ್ಧ ಗಂಟೆ ಕಾಯುತ್ತದೆ. ನಮ್ಮ ಗಾಡಿಯೂ ದಾರಿಯಲ್ಲಿ ಎರಡು ಕಡೆ ಹೀಗೆ ಕಾದು ಕಾದು ಬಂದದ್ದು.

ಮಳೆಗಾಲದಲ್ಲಿ ಇನ್ನೂ ನಿಧಾನ. ಜೂನಿನಿಂದ ಅಕ್ಟೋಬರಿನ ತನಕ ಕೊಂಕಣ ರೈಲಿಗೆ ಬೇರೆಯೇ ವೇಳಾಪಟ್ಟಿ. ಬೆಟ್ಟ ಕಡಿದ ಜಾಗದಲ್ಲಿ ಮಣ್ಣು ಜರಿಯುವ ಭಯ ಇರುವುದರಿಂದ ವೇಗ ಇಳಿಸುತ್ತಾರೆ. ಜೋರು ಮಳೆ ಬಂದರೆ ಗಂಟೆಗೆ 40 ಕಿ.ಮೀ. ಮೀರುವಂತಿಲ್ಲ. ರಾತ್ರಿಯಿಡೀ ಟಾರ್ಚು ಹಿಡಿದು ಹಳಿಯ ಮೇಲೆ ನಡೆದು ಕಾಯುವವರಿದ್ದಾರೆ. ನಾವು ಬರ್ತಿನಲ್ಲಿ ಹೊದ್ದು ಮಲಗಿ ಮುಂಬೈ ಮುಟ್ಟುವಾಗ, ಸುರಂಗದ ಬಾಯಲ್ಲಿ ಮಳೆಗೆ ನೆನೆಯುತ್ತಾ ನಿಂತ ಆ ಗ್ಯಾಂಗ್‌ಮನ್‌ನನ್ನು ಎಷ್ಟು ಮಂದಿ ನೆನೆದಿದ್ದೇವೆ?

ಹತ್ತು ರೂಪಾಯಿ, ಮೂವತ್ತು ರೂಪಾಯಿ

2020ರ ಮಾರ್ಚಿನಲ್ಲಿ ಕೊರೋನಾ ಬಂದು ದೇಶದ ಎಲ್ಲ ಗಾಡಿ ನಿಂತವು. ಎಕ್ಸ್‌ಪ್ರೆಸ್‌ಗಳು ಬೇಗ ಮರಳಿದವು. ಪ್ಯಾಸೆಂಜರ್ ಮಾತ್ರ ತಿಂಗಳುಗಟ್ಟಲೆ ಬರಲಿಲ್ಲ. ಸಣ್ಣ ಸ್ಟೇಷನ್ನುಗಳಲ್ಲಿ ಹುಲ್ಲು ಬೆಳೆಯಿತು. ಕೊನೆಗೆ ಬಂದಾಗ ಹೆಸರು ಬದಲಾಗಿತ್ತು. ಪ್ಯಾಸೆಂಜರ್ ಹೋಗಿ ಸ್ಪೆಷಲ್ ಆಗಿತ್ತು. ಅದೇ ಗಾಡಿ, ಅದೇ ವೇಗ, ಅದೇ ಬೆಂಚು. ಆದರೆ ಕಡಿಮೆ ಎಂದರೆ 10 ರೂಪಾಯಿ ಇದ್ದ ಟಿಕೆಟು 30 ರೂಪಾಯಿ. ದೇಶದೆಲ್ಲೆಡೆ ಹೀಗೇ ನಡೆಯಿತು. 2024ರ ಫೆಬ್ರವರಿಯಲ್ಲಿ ಮತ್ತೆ ಹಳೆಯ ದರಕ್ಕೆ ಇಳಿಸಿದರು.

20 ರೂಪಾಯಿ ಏನು ಮಹಾ ಎಂದು ನಮಗೆ ಅನಿಸಬಹುದು. ಹಾರವಾಡದಿಂದ ಕಾರವಾರಕ್ಕೆ ದಿನಾ ಹೋಗಿ ಬರುವ ಮನುಷ್ಯನಿಗೆ ದಿನಕ್ಕೆ 40 ರೂಪಾಯಿ, ತಿಂಗಳಿಗೆ 1,000 ರೂಪಾಯಿಯ ಮಾತು ಅದು. ಒಂದು ಸಣ್ಣ ಮನೆಯ ಅಕ್ಕಿಯ ಖರ್ಚು. ರೈಲು ಬಡವನಿಗೆ ಕೊಡುವುದು ವೇಗವಲ್ಲ. ಈ 20 ರೂಪಾಯಿಯ ಉಳಿತಾಯ.

ಆ ಮಳೆಗಾಲ

2024ರ ಮಳೆಗಾಲವನ್ನು ಈ ಕಡೆಯವರು ಮರೆಯುವ ಹಾಗಿಲ್ಲ. ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ಬೈಂದೂರಿನ ಪಕ್ಕದ ಶಿರೂರಲ್ಲ, ಇದು ಗಂಗಾವಳಿ ಹೊಳೆಯ ದಡದ ಶಿರೂರು. ಬದಿಯ ಹೊಟೇಲು ನಡೆಸುತ್ತಿದ್ದ ಕುಟುಂಬ, ಚಹಾ ಕುಡಿಯಲು ನಿಂತವರು ಮಣ್ಣಿನಡಿಯಾದರು. ಕೇರಳದ ಒಂದು ಮರದ ಲಾರಿ ಡ್ರೈವರನ ಸಮೇತ ಹೊಳೆ ಸೇರಿತು. ಆ ಲಾರಿ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ. ಆ ಎಪ್ಪತ್ತು ದಿನ ನಮ್ಮ ಊರುಗಳಲ್ಲೂ ಲಾರಿ ಡ್ರೈವರರಿರುವ ಮನೆಗಳಲ್ಲಿ ಟಿವಿ ಮುಂದೆ ಕೂತು ಅತ್ತವರಿದ್ದರು. ಅದೇ ದಾರಿಯಲ್ಲಿ ನಮ್ಮ ಹುಡುಗರೂ ವಾರಕ್ಕೆರಡು ಸಲ ಹೋಗುವವರಲ್ಲವೇ.

ಅದರ ಬೆನ್ನಿಗೇ ಆಗಸ್ಟ್ 7ರ ಮಧ್ಯರಾತ್ರಿಯ ಬಳಿಕ ಕಾರವಾರದಲ್ಲಿ ಕಾಳಿ ಹೊಳೆಯ ಹಳೆಯ ಸೇತುವೆ ಕುಸಿಯಿತು. ಬೊಂಬಾಯಿ ಬಸ್ಸುಗಳನ್ನು ದಾಟಿಸಿದ್ದು ಅದೇ ಸೇತುವೆ. ಒಂದು ಲಾರಿ ನೀರಿಗೆ ಬಿತ್ತು. ಅದರ ಡ್ರೈವರನನ್ನು ಆ ಕತ್ತಲಲ್ಲೂ ಜೀವಂತ ಎತ್ತಿ ತಂದರು. ಪಕ್ಕದಲ್ಲಿ ಹೊಸ ಸೇತುವೆ ಇದ್ದುದರಿಂದ ದಾರಿ ಪೂರ್ತಿ ನಿಲ್ಲಲಿಲ್ಲ.

ಅದೇ ಜುಲೈಯಲ್ಲಿ ಗೋವಾದ ಪೆರ್ನೆಮ್ ಸುರಂಗದಲ್ಲಿ ನೀರು ಉಕ್ಕಿ ರೈಲೂ ನಿಂತಿತ್ತು. ಹಾಗಾಗಿ ರೈಲಿಗೆ ಏನೂ ಆಗುವುದಿಲ್ಲ ಎಂದು ಹೇಳುವ ಹಾಗಿಲ್ಲ. ಆದರೆ ಬೆಟ್ಟ, ಕಡಲು ನಡುವಿನ ಇಂತಹ ಕಿರಿದಾದ ಪಟ್ಟಿಯಲ್ಲಿ ಒಂದು ದಾರಿ ಮುಚ್ಚಿದರೆ ಇನ್ನೊಂದು ತೆರೆದಿರಬೇಕು. ಹೆದ್ದಾರಿ ಮುಚ್ಚಿದ ದಿನ ಕಣ್ಣೆದುರಿನ ಹಳಿಯಲ್ಲಿ ಗಾಡಿ ಹೋಗುತ್ತಾ ಇದ್ದು, ಅದು ನಮ್ಮ ಸ್ಟೇಷನ್ನಿನಲ್ಲಿ ನಿಲ್ಲದಿದ್ದರೆ ಆ ಹಳಿ ಇದ್ದೂ ಇಲ್ಲದ ಹಾಗೆ. ಸಣ್ಣ ಸ್ಟೇಷನ್ನಿನ ಬೆಲೆ ತಿಳಿಯುವುದು ಅಂತಹ ದಿನವೇ.

ನಮ್ಮ ಸ್ಟೇಷನ್ನುಗಳೂ ಇದೇ ಸಾಲಿನವು

ಇದೆಲ್ಲ ದೂರದ ಉತ್ತರ ಕನ್ನಡದ ಮಾತು, ನಮಗೇನು ಎಂದು ಕೇಳುವವರಿರಬಹುದು. ಅದೇ ಪ್ಯಾಸೆಂಜರಿನಲ್ಲಿ ನಾವು ದಾಟಿ ಬಂದ ಹೆಸರುಗಳನ್ನು ಒಮ್ಮೆ ಹೇಳಿ ನೋಡಿ. ತೋಕೂರು, ಸುರತ್ಕಲ್, ಮುಲ್ಕಿ, ನಂದಿಕೂರು, ಪಡುಬಿದ್ರಿ, ಇನ್ನಂಜೆ, ಬಾರ್ಕೂರು, ಸೇನಾಪುರ, ಬಿಜೂರು. ಇವುಗಳಲ್ಲಿ ಒಂದೆರಡು ಬಿಟ್ಟರೆ ಉಳಿದೆಲ್ಲ ಹಾರವಾಡದ ಅಕ್ಕ ತಂಗಿಯರೇ. ಮಿರ್ಜಾನ್, ಇನ್ನಂಜೆಯಂತಹ ಸ್ಟೇಷನ್ನುಗಳು ಹೊಸದಾಗಿ ಬಂದದ್ದು ಈಚಿನ ವರ್ಷಗಳಲ್ಲಿ, ಅದೂ ಮುಖ್ಯವಾಗಿ ಗಾಡಿಗಳ ಕ್ರಾಸಿಂಗಿಗಾಗಿ. 2022ರಲ್ಲಿ ಇಡೀ ಹಳಿಗೆ ಕರೆಂಟು ಬಂತು. ಡೀಸೆಲ್ ಹೊಗೆ ಹೋಯಿತು. ಗಾಡಿಗಳು ಹೆಚ್ಚಿದವು. ನಿಲ್ಲುವ ಗಾಡಿ ಹೆಚ್ಚಿತೇ? ಅವರವರ ಊರಿನ ಸ್ಟೇಷನ್ನಿಗೆ ಹೋಗಿ ನೋಡಿ ಲೆಕ್ಕ ಹಾಕಿ.

ಬ್ಯಾರಿ ಎಂಬ ಹೆಸರು ವ್ಯಾಪಾರ ಎಂಬ ಅರ್ಥದ ಬ್ಯಾರದಿಂದ ಬಂತು ಎನ್ನುವವರಿದ್ದಾರೆ. ವ್ಯಾಪಾರ ಮಾಡುವವನಿಗೆ ಒಂದು ಸತ್ಯ ಗೊತ್ತು. ಗಿರಾಕಿ ಬಾರದ ಅಂಗಡಿಯ ಬಾಗಿಲು ಹೆಚ್ಚು ದಿನ ತೆರೆದಿರುವುದಿಲ್ಲ. ರೈಲ್ವೆಯೂ ಹಾಗೆಯೇ ಲೆಕ್ಕ ಹಾಕುತ್ತದೆ. ಒಂದು ಗಾಡಿಗೆ ಒಂದು ಊರಲ್ಲಿ ಹೊಸ ನಿಲುಗಡೆ ಕೊಡುವಾಗ ಮೊದಲು ಪ್ರಾಯೋಗಿಕ ಎಂದು ಕೊಡುತ್ತಾರೆ. ಆಮೇಲೆ ಆ ಸ್ಟೇಷನ್ನಿನಲ್ಲಿ ಎಷ್ಟು ಟಿಕೆಟು ಹೋಯಿತು ಎಂದು ನೋಡುತ್ತಾರೆ. ಟಿಕೆಟು ಇಲ್ಲದಿದ್ದರೆ ನಿಲುಗಡೆಯೂ ಇಲ್ಲ. ಎರಡು ಸ್ಟೇಷನ್ ಅಲ್ವಾ, ಯಾರು ನೋಡ್ತಾರೆ ಎಂದು ಟಿಕೆಟು ತೆಗೆಯದೆ ಹೋಗುವವನು 10 ರೂಪಾಯಿ ಉಳಿಸುವುದಲ್ಲ, ತನ್ನ ಊರಿನ ನಿಲುಗಡೆಯನ್ನೇ ಕಳೆಯುವುದು. ಕೌಂಟರಿನಲ್ಲಿ ಆಗಲಿ, ಮೊಬೈಲಿನಲ್ಲಿ ಆಗಲಿ, ಹತ್ತುವ ಸ್ಟೇಷನ್ನಿನ ಹೆಸರಲ್ಲೇ ಟಿಕೆಟು ತೆಗೆಯುವುದು ಒಂದು ಸಣ್ಣ ಕೆಲಸ. ಆದರೆ ಆ ಸ್ಟೇಷನ್ನಿನ ಪರವಾಗಿ ಬೀಳುವ ಒಂದು ಓಟು ಅದು.

ಇನ್ನು ಕೇಳಬೇಕಾದದ್ದನ್ನು ಕೇಳಲೂಬೇಕು. ವಂದೇ ಭಾರತ್ ನಮ್ಮ ಊರಲ್ಲಿ ನಿಲ್ಲಲಿ ಎಂದು ಯಾರೂ ಹಟ ಹಿಡಿಯುವುದು ಬೇಡ. ಕಾಲೇಜು, ಆಫೀಸಿನ ಹೊತ್ತಿಗೆ ಸರಿಯಾಗಿ ಬೆಳಿಗ್ಗೆ ಒಂದು, ಸಂಜೆ ಒಂದು ಲೋಕಲ್ ಗಾಡಿ. ಆ ಗಾಡಿ ಬರುವ ಹೊತ್ತಿಗೆ ಸ್ಟೇಷನ್ನಿನಿಂದ ಹೆದ್ದಾರಿಗೆ ಒಂದು ಬಸ್ಸು. ಪ್ಲಾಟ್‌ಫಾರ್ಮಿನಲ್ಲಿ ನೀರು, ದೀಪ, ಹೆಣ್ಣುಮಕ್ಕಳಿಗೆ ಶೌಚಾಲಯ. ಮೂರು ಸಲ ಜಾಗ ಕೊಟ್ಟ ಊರಿಗೆ ಇಷ್ಟು ಕೇಳುವ ಹಕ್ಕಿಲ್ಲವೇ? ಇಲ್ಲಿ ಕಾರವಾರ, ಅಂಕೋಲಾದ ಮುಸ್ಲಿಂ ಮನೆಗಳಲ್ಲಿ ಬ್ಯಾರಿ ಮಾತಿಲ್ಲ, ಕೊಂಕಣಿ, ದಖನಿ ಕೇಳಿಸುತ್ತದೆ. ಆದರೆ ಈ ಬೇಡಿಕೆಗೆ ಭಾಷೆಯೂ ಇಲ್ಲ, ಜಾತಿಯೂ ಇಲ್ಲ. ಹಾಲಕ್ಕಿಯವರದ್ದೂ ಅದೇ, ಮೀನುಗಾರರದ್ದೂ ಅದೇ, ನಮ್ಮದೂ ಅದೇ.

ಹುಬ್ಬಳ್ಳಿ–ಅಂಕೋಲಾ ರೈಲಿನ ಮಾತು ಕೂಡ ದಶಕಗಳಿಂದ ನಡೆಯುತ್ತಿದೆ. ಕಾಡು ಕಡಿಯುವ ಪ್ರಶ್ನೆ ಇರುವುದರಿಂದ ಅದು ಸುಲಭದ್ದಲ್ಲ. ಅದು ಬರುತ್ತದೋ ಇಲ್ಲವೋ, ಇರುವ ಹಳಿಯಲ್ಲಿ ಇರುವ ಗಾಡಿ ಸರಿಯಾದ ಹೊತ್ತಿಗೆ ನಿಲ್ಲಲು ಒಂದು ಮರವನ್ನೂ ಕಡಿಯಬೇಕಾಗಿಲ್ಲ.

ಮಧ್ಯಾಹ್ನ ಹೆದ್ದಾರಿಗೆ ಬಂದು ಅಂಕೋಲಾ ಕಡೆಯ ಬಸ್ಸಿಗೆ ಕಾದೆವು. ಮೇ ತಿಂಗಳಾದರೆ ಅಂಕೋಲಾದ ದಾರಿ ಬದಿಯಲ್ಲಿ ಹಾಲಕ್ಕಿ ಹೆಣ್ಣುಮಕ್ಕಳು ಬುಟ್ಟಿಯಲ್ಲಿ ಕರಿ ಈಶಾಡ ಮಾವು ಇಟ್ಟು ಕೂರುತ್ತಾರೆ. 2023ರಲ್ಲಿ ಭೌಗೋಳಿಕ ಗುರುತು ಸಿಕ್ಕಿದ ಹಣ್ಣು ಅದು. ಸಿಪ್ಪೆ ತೆಳು, ಒಳಗೆ ಜೇನು. ಬೊಂಬಾಯಿ ಬಸ್ಸಿನಲ್ಲಿ ಹೋದ ನಮ್ಮ ಹಿರಿಯರಲ್ಲಿ ಎಷ್ಟು ಮಂದಿ ಇದರ ರುಚಿ ನೋಡಿರಬಹುದು? ರಾತ್ರಿಯಲ್ಲಿ ದಾಟಿದವರಿಗೆ ಮಾವಿನ ಬುಟ್ಟಿ ಕಾಣುವುದಾದರೂ ಹೇಗೆ?

ಬಸ್ಸು ಹತ್ತುವ ಮೊದಲು ದೂರದಲ್ಲಿ ಮತ್ತೊಂದು ಗಾಡಿಯ ಸದ್ದು ಕೇಳಿಸಿತು. ಬೆಟ್ಟದ ಬುಡದಲ್ಲಿ ಮಿಂಚಿ ಮಾಯವಾಯಿತು. ಅದರ ಒಳಗೆ ನಮ್ಮ ಊರಿನವರೂ ಇದ್ದಿರಬಹುದು. ಮುಂದಿನ ಸಲ ಈ ದಾರಿಯಲ್ಲಿ ಹೋಗುವಾಗ ಅಂಕೋಲಾ ದಾಟಿದ ಮೇಲೆ ಒಮ್ಮೆ ಕಿಟಕಿಯ ಪರದೆ ಸರಿಸಿ ನೋಡಿ. ಹಳದಿ ಹಲಗೆಯ ಒಂದು ಸಣ್ಣ ಸ್ಟೇಷನ್ ಕಾಣುತ್ತದೆ. ನಾವು ಬೇಗ ಮುಟ್ಟಲಿ ಎಂದು ತಮ್ಮ ಗದ್ದೆ ಬಿಟ್ಟುಕೊಟ್ಟವರು ಅಲ್ಲಿ ನಿಧಾನದ ಗಾಡಿಗೆ ಕಾಯುತ್ತಾ ಕೂತಿರುತ್ತಾರೆ.